ಪದಚರ್ಚೆ: ‘ಜನರಿಕ್ ಔಷಧ’ವನ್ನು ಕನ್ನಡದಲ್ಲಿ ಹೇಗೆ ವಿವರಿಸೋಣ?

ಎಲ್ಲರಿಗೂ ನಮಸ್ಕಾರ.

ಜನರಿಕ್ ಔಷಧವನ್ನು (ಒಂದು ಕಂಪನಿ ಕಂಡುಹಿಡಿದ ಔಷಧವನ್ನೇ ಮುಂದೆ ಬೇರೆ ಕಂಪನಿಗಳು ತಯಾರಿಸಿದ್ದು) ನಂಬಬಹುದಾ ಅಂತ ಕೇಳುವ ರೋಗಿಗಳಿಗಾಗಿ ಒಂದು ಕರಪತ್ರ ಬರೆಯುತ್ತಿದ್ದೇನೆ. ‘ಜನರಿಕ್’ ಅಂತಲೇ ಇಟ್ಟುಕೊಳ್ಳಲು ನನ್ನ ತಕರಾರಿಲ್ಲ. ಆದರೆ ಪಕ್ಕದಲ್ಲಿ ಕನ್ನಡದ ವಿವರಣೆಯೂ ಬೇಕು. ತೊಡಕು ಇರುವುದು ಅಲ್ಲಿ.

‘ಸಾಮಾನ್ಯ ಔಷಧ’ ಬೇಡವೇ ಬೇಡ. ಸಾಮಾನ್ಯ ಅಂದ ಕೂಡಲೇ ಇದಕ್ಕಿಂತ ಒಳ್ಳೆಯದು ಬೇರೆ ಇದೆ ಅನ್ನಿಸುತ್ತದೆ. ‘ಬದಲಿ ಔಷಧ’ ಅಂದರೆ ಔಷಧವೇ ಬೇರೆ ಅಂದುಕೊಳ್ಳುತ್ತಾರೆ. ಬದಲಾಗುವುದು ತಯಾರಕರು, ಬಣ್ಣ, ಆಕಾರ, ಮಾತ್ರೆ ಕಟ್ಟಲು ಸೇರಿಸುವ ಪುಡಿಗಳು. ಕೆಲಸ ಮಾಡುವ ಅಂಶ ಅದೇ. ‘ಪರ್ಯಾಯ’ ಅಂದರೆ ಬೇರೆ ವೈದ್ಯಪದ್ಧತಿಯ ಕಡೆಗೇ ಮನಸ್ಸು ಹೋಗುತ್ತದೆ.

‘ನಕಲು’ ಅರ್ಥಕ್ಕೆ ಹತ್ತಿರವಿದೆ. ಪೇಟೆಂಟ್ (ಕಂಡುಹಿಡಿದವರಿಗಷ್ಟೇ ಇರುವ ಹಕ್ಕು) ಅವಧಿ ಸಾಮಾನ್ಯವಾಗಿ ಅರ್ಜಿ ಹಾಕಿದಾಗಿನಿಂದ 20 ವರ್ಷ. ಅದು ಮುಗಿದ ಮೇಲೆ ಬೇರೆ ಕಂಪನಿಗಳೂ ಅದೇ ಔಷಧ ತಯಾರಿಸಬಹುದು. ‘ನಕಲು ಪ್ರತಿ’ ಅಂದಾಗ ಯಾರೂ ಅನುಮಾನ ಪಡುವುದಿಲ್ಲ, ಅಲ್ವಾ? ಆದರೆ ‘ನಕಲು ಮಾತ್ರೆ’ ಅನ್ನಿ, ಕೇಳುವವರ ಕಿವಿಯಲ್ಲಿ ಅದು ‘ನಕಲಿ’ ಆಗಿಬಿಡುತ್ತದೆ. ನಕಲಿ ಔಷಧ ಅಪರಾಧ. ಜನರಿಕ್ ಔಷಧ ಸರ್ಕಾರದ ಅನುಮತಿ ಪಡೆದೇ ಬರುತ್ತದೆ. ಇವೆರಡನ್ನು ಒಂದೇ ಉಸಿರಿನಲ್ಲಿ ಹೇಳಿಸುವ ಪದ ಕರಪತ್ರಕ್ಕೆ ಆಗದು.

‘ಜನರಿಕ್ ಹೆಸರು’ ಅನ್ನುವುದು ಬೇರೆಯೇ ಸಂಗತಿ, ಅದು ಕೆಲಸ ಮಾಡುವ ಅಂಶದ ಹೆಸರು. ಬ್ರಾಂಡ್ ಮಾತ್ರೆಗೂ ಜನರಿಕ್ ಹೆಸರು ಇದ್ದೇ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇಂಥ ಹೆಸರುಗಳ ಮೊದಲ ಪಟ್ಟಿಯನ್ನು 1953ರಲ್ಲಿ ಹೊರತಂದಿತು. ಕೊಲೆಸ್ಟರಾಲ್ ಇಳಿಸುವ ಅಟೊರ್ವಾಸ್ಟಾಟಿನ್, ರೊಸುವಾಸ್ಟಾಟಿನ್ ನೋಡಿ, ಕೊನೆಯ ‘ಸ್ಟಾಟಿನ್’ ಮನೆತನದ ಹೆಸರಿದ್ದ ಹಾಗೆ. (ಇಷ್ಟಾದರೂ ನಮ್ಮ ಪ್ಯಾರಾಸಿಟಮಾಲ್ ಅಮೆರಿಕದಲ್ಲಿ ಅಸಿಟಮಿನೋಫೆನ್!) ಇದಕ್ಕೆ ‘ಮೂಲ ಹೆಸರು’ ಅನ್ನೋಣವೆಂದರೆ, ‘ಮೂಲ ಔಷಧ’ ಅಂದಾಗ ಮೊದಲು ಕಂಡುಹಿಡಿದ ಕಂಪನಿಯ ಬ್ರಾಂಡೇ ನೆನಪಾಗುತ್ತದೆ. ಸದ್ಯಕ್ಕೆ ‘ಮದ್ದಿನ ಹೆಸರು’, ‘ಕಂಪನಿ ಇಟ್ಟ ಹೆಸರು’ ಅಂತ ಬರೆದುಕೊಂಡಿದ್ದೇನೆ.

ನನಗೆ ಜಾಸ್ತಿ ತಲೆನೋವಾಗಿರುವುದು ‘ಜೈವಿಕ ಸಮಾನತೆ’ (ಇಂಗ್ಲಿಷಿನ ಬಯೋಈಕ್ವಿವಲೆನ್ಸ್). ಓದಿದರೆ ಯಾವುದೋ ಹಕ್ಕಿನ ಹೋರಾಟ ಅನ್ನಿಸುತ್ತದೆ. ವಿಷಯ ಇಷ್ಟೇ: ಬ್ರಾಂಡ್, ಜನರಿಕ್ ಎರಡೂ ಮಾತ್ರೆ ಕೊಟ್ಟು, ರಕ್ತಕ್ಕೆ ಔಷಧ ಒಟ್ಟು ಎಷ್ಟು ಸೇರಿತು, ಗರಿಷ್ಠ ಮಟ್ಟ ಎಷ್ಟಿತ್ತು ಅಂತ ಹೋಲಿಸುತ್ತಾರೆ. ಬ್ರಾಂಡ್‌ನದ್ದು ನೂರು ಅಂತಿಟ್ಟುಕೊಂಡರೆ, ಜನರಿಕ್‌ನ ಫಲಿತಾಂಶ ಶೇ 80ರಿಂದ 125ರೊಳಗೆ ಬರಬೇಕು. ಇದನ್ನು ಓದಿದವರು ‘ಹಾಗಾದರೆ ಶೇ 20ರಷ್ಟು ಔಷಧ ಕಮ್ಮಿ ಹಾಕುತ್ತಾರೆ’ ಅಂತ ಸುಮ್ನೆ ಹೆದರುತ್ತಾರೆ. ಮಾತ್ರೆಯೊಳಗೆ ಎಷ್ಟು ತುಂಬಿದ್ದಾರೆ ಅನ್ನುವುದಕ್ಕೂ ಈ ಅಂಕಿಗೂ ಸಂಬಂಧವಿಲ್ಲ. ಬರೀ ಸರಾಸರಿ ಸಾಲದು, ಅದರ ಆಚೀಚೆಯ ಅಂದಾಜಿನ ಏರುಪೇರೂ ಆ ಗೆರೆಯೊಳಗೇ ಇರಬೇಕು. ಹಾಗಾಗಿ ಸರಾಸರಿ ನೂರರಿಂದ ತುಂಬಾ ಸರಿದರೆ ಪಾಸಾಗುವುದು ಕಷ್ಟ. ಅಮೆರಿಕದ ಔಷಧ ನಿಯಂತ್ರಕರು ಇಂಥ 2,070 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ರಕ್ತಕ್ಕೆ ಸೇರಿದ ಪ್ರಮಾಣದಲ್ಲಿ ಸರಾಸರಿ ವ್ಯತ್ಯಾಸ ಶೇ 3.5ರ ಆಸುಪಾಸಿನಲ್ಲಿತ್ತು. ಥೈರಾಯ್ಡ್, ಅಪಸ್ಮಾರದಂಥ ಕೆಲವು ಔಷಧಗಳಲ್ಲಿ ಸಣ್ಣ ಏರುಪೇರೂ ಮುಖ್ಯ. ಅವನ್ನು ವೈದ್ಯರಿಗೆ ಹೇಳಿಯೇ ಬದಲಿಸಬೇಕು.

‘ಮೈಗೆ ಸೇರುವುದರಲ್ಲಿ ಸರಿಸಮ’ ಅಂದರೆ ಅರ್ಥವಾಗುತ್ತದೆ, ಆದರೆ ಉದ್ದವಾಯಿತು. ಒಂದೇ ಪದದಲ್ಲಿ ಹೇಳಲು ಯಾರಿಗಾದರೂ ಏನಾದರೂ ಹೊಳೆಯುತ್ತದೆಯೇ? ಔಷಧ ಅಂಗಡಿಯಲ್ಲಿ ಕೆಲಸ ಮಾಡುವವರು ಗ್ರಾಹಕರಿಗೆ ಇದನ್ನು ಯಾವ ಮಾತಿನಲ್ಲಿ ಹೇಳುತ್ತೀರಿ, ಅದನ್ನೂ ತಿಳಿಸಿ.