ಅಪ್‌ಡೇಟ್: ಸೈನ್ 240 ತಪ್ಪು ಎಲ್ಲಿತ್ತಂತ ಸಿಕ್ತು

ಹೋದ ವಾರ ಕೇಳಿದ್ದೆ ನೋಡ್ರಿ, ತ್ರಿಕೋನಮಿತಿ ಲೆಕ್ಕದಾಗ ಸೈನ್ 240 ಡಿಗ್ರಿಗಿ ನನಗ ಮೈನಸ್ 1/2 ಬರ್ತದ, ಬುಕ್ಕಿನ್ಯಾಗ ಮೈನಸ್ ರೂಟ್ 3 ಬೈ 2 ಅದ, ಬುಕ್ ತಪ್ಪದ ಏನು ಅಂತ. ಬುಕ್ ಸರಿ ಅದ್ರಿ, ತಪ್ಪು ನಂದೇ.

ನಾ 270ರಾಗ 240 ಕಳದು 30 ಹಿಡಿದಿದ್ದೆ. ಅಂದ್ರ ವಾಯ್ ಅಕ್ಷದಿಂದ ಅಳದಂಗಾಯ್ತು. ರೆಫರೆನ್ಸ್ ಆಂಗಲ್ ಅಂದ್ರ ಗೆರಿಗೂ ಅಕ್ಷಕ್ಕೂ ನಡುವಿನ ಸಣ್ಣ ಕೋನ, ಅದನ್ನ ಅಳಿಯೋದು ಯಾವಾಗ್ಲೂ ಎಕ್ಸ್ ಅಕ್ಷದಿಂದನೇ, ಹಂಗಾಗಿ 240 ಮೈನಸ್ 180, 60 ಬರ್ತದ. ಮೂರನೇ ಕ್ವಾಡ್ರಂಟ್‌ನ್ಯಾಗ (180ರಿಂದ 270ರ ನಡು) ಸೈನ್ ಮೈನಸ್, ಸೈನ್ 60 ಅಂದ್ರ ರೂಟ್ 3 ಬೈ 2, ಅದಕ್ಕ ಮೈನಸ್ ಹಚ್ಚಿದ್ರ ಮುಗೀತು.

ಇಲ್ಲಿ ಯಾರೋ ಒಬ್ರು ಚಿತ್ರ ಬರದು ನೋಡು ಅಂದಿದ್ರಲ್ಲ, ಕಲಬುರಗಿ ಬಿಸಿಲಿಗಿ ಹೊರಗ ಹೋಗೋದಂತೂ ಆಗಲ್ಲ, ಮನ್ಯಾಗ ಶಹಾಬಾದ್ ಕಲ್ಲಿನ ನೆಲದ ಮ್ಯಾಲೆ ಕುಂತು ಎರಡು ಸಂದು ಕೂಡೋ ಜಾಗಾನೇ ಸೆಂಟರ್ ಮಾಡ್ಕೊಂಡು ಸುಣ್ಣದಕಡ್ಡೀಲೆ ಗೆರಿ ಎಳದೆ, ಅಡ್ಡ ಸಂದು ಎಕ್ಸ್ ಅಕ್ಷ, ಅದಕ್ಕ ಗೆರಿ ಎಷ್ಟು ವಾಲ್ಯಾದ ಅಷ್ಟೇ ಆಂಗಲ್, ಆಗ ತಲಿಗಿ ಹತ್ತಿತು. ಅವ್ವ ನೆಲ ಹೊಲಸು ಮಾಡ್ದಿ ಅಂತ ಬೈದಳು, ಅದು ಬ್ಯಾರೆ.

ಕಾಸ್ 675ನೂ ಬಂತು: 360 ಕಳದ್ರ 315, ರೆಫರೆನ್ಸ್ 45, ನಾಲ್ಕನೇದ್ರಾಗ ಕಾಸ್ ಪ್ಲಸ್, ಉತ್ತರ 1 ಬೈ ರೂಟ್ 2. ಈಗ ಮೈನಸ್ ಆಂಗಲ್ ಲೆಕ್ಕ ಹಿಡದೀನಿ, ಮೊದಲು 360 ಕೂಡಿಸ್ಕೊಂಡೇ ಮಾಡ್ಲಿಕ್ಕತ್ತೀನಿ.