‘ಮೈ’, ‘ಮೈನ್’, ‘ಇಟ್ಸ್’: ಮಕ್ಕಳಿಗೆ ಹೇಗೆ ತಿಳಿಸುವುದು?

ಪ್ರಶ್ನೆ:
ಕನ್ನಡ ಮಾಧ್ಯಮದ ಒಂಬತ್ತನೆಯ ತರಗತಿಗೆ ಇಂಗ್ಲಿಷ್ ಕಲಿಸುತ್ತಿದ್ದೇನೆ. ಮಕ್ಕಳು ‘ದಿಸ್ ಬುಕ್ ಈಸ್ ಮೈ’ ಎಂದು ಬರೆಯುತ್ತಾರೆ; ‘ಷಿ ಬ್ರೋಕ್ ಹರ್ ಲೆಗ್’ ಎಂಬಲ್ಲಿ ‘ಹರ್’ ಅನ್ನು ಬಿಟ್ಟುಬಿಡುತ್ತಾರೆ. ನಿಯಮಗಳನ್ನು ಬಾಯಿಪಾಠ ಮಾಡಿಸದೆ ಇದನ್ನು ತಿಳಿಸುವ ಬಗೆ ಯಾವುದು?

ಉತ್ತರ 1:
ಮೊದಲನೆಯದಕ್ಕೆ ಕನ್ನಡವೇ ಸಾಕು, ಮೇಷ್ಟ್ರೇ. ‘ನನ್ನ’ ಎಂದರೆ ಮುಂದೆ ನಾಮಪದ ಬರಲೇಬೇಕು, ‘ನನ್ನದು’ ಎಂದರೆ ಬೇಕಿಲ್ಲ; ‘ಮೈ’ ಮತ್ತು ‘ಮೈನ್’ಗಳ ವ್ಯತ್ಯಾಸವೂ ಇದೇ. ‘ಹಿಸ್’ ಮಾತ್ರ ಎರಡೂ ಕಡೆ ರೂಪ ಬದಲಿಸದು. ಎರಡನೆಯದು ನಿಜಕ್ಕೂ ಸ್ವಾರಸ್ಯಕರ: ‘ಕಾಲು ಮುರಿದುಕೊಂಡಳು’ ಎಂದಾಗ ಅದು ಯಾರ ಕಾಲು ಎಂಬುದನ್ನು ‘ಕೊಳ್ಳು’ ಎಂಬ ಸಹಾಯಕ ಕ್ರಿಯಾಪದವೇ ಹೇಳಿಬಿಡುವುದರಿಂದ ನಮಗೆ ‘ತನ್ನ’ ಬೇಕೆನಿಸುವುದಿಲ್ಲ, ಇಂಗ್ಲಿಷಿನಲ್ಲಿ ಅಂಥ ಕ್ರಿಯಾರೂಪವಿಲ್ಲದ ಕಾರಣ ಆ ಹೊಣೆಯನ್ನು ‘ಹರ್’ ಹೊರಬೇಕಾಗುತ್ತದೆ.

ಉತ್ತರ 2:
ಒಪ್ಪುತ್ತೇನೆ, ಆದರೆ ಈ ಹೋಲಿಕೆ ಎಲ್ಲೆಡೆ ನಡೆಯದು. ‘ರಾಮ ತನ್ನ ಅಣ್ಣನನ್ನು ಕರೆದ’, ‘ರಾಮ ಅವನ ಅಣ್ಣನನ್ನು ಕರೆದ’ ಎಂಬ ಎರಡಕ್ಕೂ ಇಂಗ್ಲಿಷಿನಲ್ಲಿ ‘ಹಿಸ್’ ಒಂದೇ. ಅಪಾಸ್ಟ್ರಫಿಯನ್ನೂ (ಅಕ್ಷರದ ಮೇಲ್ಬದಿಯಲ್ಲಿ ಹಾಕುವ ’ ಗುರುತು) ಮರೆಯಬೇಡಿ: ಒಡೆತನದ ‘ಇಟ್ಸ್’ಗೆ ಅದು ಸಲ್ಲದು, ‘ಇಟ್ ಈಸ್’ ಎಂಬುದರ ಸಂಕ್ಷೇಪಕ್ಕೆ ಬೇಕೇ ಬೇಕು. ಅಂದಹಾಗೆ, ಈ ‘ಇಟ್ಸ್’ ಆ ಭಾಷೆಗೆ ತಡವಾಗಿ ಬಂದ ರೂಪ; 1611ರ ಇಂಗ್ಲಿಷ್ ಬೈಬಲ್ ಅನುವಾದದಲ್ಲಿ ವಸ್ತುಗಳಿಗೂ ಹೆಚ್ಚಾಗಿ ‘ಹಿಸ್’ ಎಂದೇ ಇದೆ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ನಾಳಿನ ತರಗತಿಯಲ್ಲಿ ‘ಮುರಿದುಕೊಂಡಳು’ ಎಂಬುದನ್ನೇ ಮೊದಲು ಹಲಗೆಯ ಮೇಲೆ ಬರೆಯುತ್ತೇನೆ.