ನಮ್ಮದೇ ಕೋಡ್, ನಮ್ಮದೇ ಜಾಗ: ಪುಣೆ–ಮುಂಬೈ–ಗೋವಾದವರೇ, ಅನುಭವ ಹೇಳಿ

ಕೊತ್ರೂಡ್ ಧಾರವಾಡದವಳು ಕೇಳಿದ್ದು:
ನಮಸ್ಕಾರ. ಹಗಲು ಐಟಿ ಕೆಲಸ, ರಾತ್ರಿ ಕೋಡ್‌ನಿಂದ ಚಿತ್ರ ಮೂಡಿಸುವ ಜಾವಾಸ್ಕ್ರಿಪ್ಟ್ ಲೈಬ್ರರಿ ಪಿ5.ಜೆಎಸ್‌ನಲ್ಲಿ ಚಿತ್ರ ಬರೆಯುವ ಹುಚ್ಚು. ಅಮ್ಮನ ಇಳಕಲ್ ಸೀರೆಯ ಕಸೂತಿಯನ್ನು ಕೋಡ್‌ಗೆ ತರುತ್ತಿದ್ದೇನೆ. ಇನ್‌ಸ್ಟಾದಲ್ಲಿ ಹಾಕಿದರೆ ಎರಡು ದಿನ ಲೈಕ್ ಬರುತ್ತದೆ, ಆಮೇಲೆ ಯಾರಿಗೂ ಸಿಗಲ್ಲ. ಪುಣೆಯ ನಾಲ್ಕಾರು ಕನ್ನಡದ ಗೆಳೆಯರು ಸೇರಿ ನಮ್ಮದೇ ಒಂದು ತಾಣ ಮಾಡೋಣ ಅಂತಿದ್ದೇವೆ. ಅದು ಯಾವ ಕಂಪನಿಯದ್ದೂ ಆಗಬಾರದು, ನಮ್ಮೆಲ್ಲರದ್ದಾಗಿರಬೇಕು. ಎಲ್ಲಿಂದ ಶುರು ಮಾಡಲಿ? ಇನ್ನೊಂದು ಗೋಳು: ಕೋಡ್‌ನಲ್ಲಿ ಕನ್ನಡ ಒತ್ತಕ್ಷರ ಒಡೆದು ಹೋಗುತ್ತಿದೆ.

ಡೊಂಬಿವಲಿ ಫಾಸ್ಟ್:
ಮೊದಲು ತಾಣ ಬೇಡ, ಫೋಲ್ಡರ್ ಮಾಡಿ. ಪಿ5 ಚಿತ್ರ ಅಂದರೆ ಒಂದು ಎಚ್‌ಟಿಎಂಎಲ್ ಫೈಲು, ಒಂದು ಸ್ಕೆಚ್ ಫೈಲು, ಜೊತೆಗೆ ಪಿ5 ಲೈಬ್ರರಿ. ಅಷ್ಟೇ. ಲೈಬ್ರರಿಯನ್ನು ಬೇರೆಯವರ ಸರ್ವರ್‌ನಿಂದ ಎಳೆಯಬೇಡಿ, ಡೌನ್‌ಲೋಡ್ ಮಾಡಿ ಅದೇ ಫೋಲ್ಡರ್‌ನಲ್ಲಿಡಿ. 2025ರಲ್ಲಿ ಪಿ5ನ 2.0 ಬಂತು, ಚಿತ್ರ, ಫಾಂಟ್ ಮೊದಲೇ ತರಿಸುತ್ತಿದ್ದ ಹಳೆಯ ಪ್ರಿಲೋಡ್ ಫಂಕ್ಷನ್ನೇ ಹೋಯಿತು. ಚಿತ್ರದ ಪಕ್ಕದಲ್ಲೇ ಅದರ ಕಾಲದ ಲೈಬ್ರರಿ ಇದ್ದರೆ ಯಾರು ಏನು ಬದಲಿಸಿದರೂ ನಿಮ್ಮದು ಓಡುತ್ತಿರುತ್ತದೆ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. 2009ರಲ್ಲಿ ಯಾಹೂ ಜಿಯೋಸಿಟೀಸ್ ಮುಚ್ಚಿದಾಗ ಜನರ ಮನೆಪುಟಗಳು ರಾಶಿ ರಾಶಿ ಹೋದವು. ಕ್ರಿಯೇಟಿವ್ ಕೋಡಿಂಗ್‌ನವರಿಗೆ ಬಹಳ ಇಷ್ಟವಾಗಿದ್ದ ಗ್ಲಿಚ್ ಕೂಡ 2025ರ ಜುಲೈಯಲ್ಲಿ ಹೋಸ್ಟಿಂಗ್ ನಿಲ್ಲಿಸಿತು. ಒಳ್ಳೆಯವರೇ ನಡೆಸುತ್ತಿದ್ದರೂ ಅಂಗಡಿ ಮುಚ್ಚಬಹುದು. ಫೋಲ್ಡರ್ ಕೈಯಲ್ಲಿದ್ದರೆ ಸಂಜೆಯೊಳಗೆ ಬೇರೆ ಕಡೆ ಏರಿಸಬಹುದು.

ಏರಿಸಲು ಎರಡು ಜಾಗ ನೋಡಿ. ನಿಯೋಸಿಟೀಸ್ 2013ರಿಂದ ಇದೆ, ಕಲಿಯುವವರಿಗೆ ಸುಲಭ. ಗಿಟ್ (ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಸಾಧನ) ಬರುವವರಿಗೆ ಕೋಡ್‌ಬರ್ಗ್. ಬರ್ಲಿನ್‌ನ ಒಂದು ಲಾಭರಹಿತ ಸಂಘ ಅದನ್ನು ನಡೆಸುತ್ತದೆ, ಸದಸ್ಯರಿಗೆ ಓಟು ಇದೆ. ನಿಮ್ಮ "ಯಾವ ಕಂಪನಿಯದ್ದೂ ಅಲ್ಲ" ಅನ್ನೋದಕ್ಕೆ ಅದೇ ಹತ್ತಿರ.

ಔಂಧ್ ಹುಬ್ಬಳ್ಳಿ ಅಕ್ಕ:
ತಂಗಿ, ಕಸೂತಿ ಅಂದ ಕೂಡಲೇ ಓಡಿ ಬಂದೆ. ಫೋಟೋ ತೆಗೆದು ಗೆರೆ ಎಳೆಯುತ್ತಿದ್ದೀರೋ, ಹೊಲಿಗೆಯನ್ನೇ ಕೋಡ್ ಮಾಡುತ್ತಿದ್ದೀರೋ? ಎರಡನೆಯದು ಮಾಡಿ, ಮಜಾ ಅಲ್ಲಿದೆ. ಕಸೂತಿ ಹಾಕುವವರು ಬಟ್ಟೆ ಮೇಲೆ ಪೆನ್ಸಿಲ್ ಗೀಚಲ್ಲ, ಎಳೆ ಎಣಿಸುತ್ತಾರೆ. ಅಂದರೆ ಗ್ರಿಡ್ ಮೊದಲೇ ಬಟ್ಟೆಯಲ್ಲಿದೆ.

ಕಸೂತಿಯ ಗವಂತಿ ಹೊಲಿಗೆ ತಗೊಳ್ಳಿ. ಸೂಜಿ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ ಅಂತ ಹೋಗುತ್ತದೆ. ವಾಪಸ್ ಬರುವಾಗ ಬಿಟ್ಟ ಜಾಗ ತುಂಬುತ್ತದೆ. ಅದಕ್ಕೇ ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣುವುದು, ಎಲ್ಲೂ ಗಂಟು ಕಾಣದಿರುವುದು. ತುಳಸಿಕಟ್ಟೆಯಂಥ ಕವಲು ಕವಲಿನ ಚಿತ್ರದಲ್ಲೂ ಇದು ಹೇಗೆ ತಪ್ಪಲ್ಲ ಅಂತ ನನಗೂ ಆಶ್ಚರ್ಯ ಆಗುತ್ತಿತ್ತು. ಕೋಡ್ ಬರೆಯುವಾಗ ಗುಟ್ಟು ಗೊತ್ತಾಯಿತು. ಗ್ರಿಡ್‌ನ ಚುಕ್ಕಿಗಳಿಗೆ ಒಂದು ಬಿಟ್ಟು ಒಂದು ಕಪ್ಪು, ಬಿಳಿ ಅಂತ ಬಣ್ಣ ಕೊಡಿ. ಅಡ್ಡ ಅಥವಾ ಉದ್ದ ಹೊಲಿಗೆ ಯಾವಾಗಲೂ ಕಪ್ಪಿನಿಂದ ಬಿಳಿಗೆ, ಇಲ್ಲವೇ ಬಿಳಿಯಿಂದ ಕಪ್ಪಿಗೆ ಹೋಗುತ್ತದೆ. ಕಪ್ಪಿನಿಂದ ಹೊರಟರೆ ದಾರ ಮೇಲೆ, ಬಿಳಿಯಿಂದ ಹೊರಟರೆ ಕೆಳಗೆ. ಹಾಗಾಗಿ ಹೋಗುವಾಗ ಮೇಲೆ ಬಿದ್ದ ಹೊಲಿಗೆ ಬರುವಾಗ ತಾನಾಗಿ ಕೆಳಗೆ ಬೀಳುತ್ತದೆ. ಪ್ರತಿ ಕವಲಿನ ತುದಿ ತನಕ ಹೋಗಿ ವಾಪಸ್ ಬಂದರೆ ಸಾಕು, ಹೊರಟ ಚುಕ್ಕಿಗೇ ಬಂದು ನಿಲ್ಲುತ್ತೀರಿ. ಓರೆ ಹೊಲಿಗೆ ಸೇರಿಸಿದರೆ ಮಾತ್ರ ಈ ಲೆಕ್ಕ ಕೈ ಕೊಡಬಹುದು, ಅಲ್ಲಿ ಕೈಯಿಂದ ಸರಿ ಮಾಡಬೇಕು.

ಪರದೆ ಮೇಲೆ ಒಂದೊಂದೇ ಹೊಲಿಗೆ ಬೀಳುವ ಹಾಗೆ ತೋರಿಸಿ, ಫ್ರೇಮ್‌ರೇಟ್ ಇಳಿಸಿ. ಅಮ್ಮನಿಗೆ ತೋರಿಸಿ ನೋಡಿ, ತಪ್ಪಿದ್ದರೆ ತಕ್ಷಣ ಹಿಡಿಯುತ್ತಾರೆ! ಮತ್ತೆ, ಚಿತ್ರದ ಕೆಳಗೆ ಅವರ ಹೆಸರೂ ಇರಲಿ. ಬರೀ ಕೋಡ್ ಬರೆದವರ ಹೆಸರು ಹಾಕಿ ಬಿಡುವುದು ನನಗೆ ಸರಿ ಕಾಣಲ್ಲ.

ಮುಲುಂಡ್ ಅಕ್ಷರಪ್ರಿಯ:
ಒತ್ತಕ್ಷರದ ಗೋಳು ನನ್ನ ವಿಷಯ. "ಮಕ್ಕಳು" ನಮಗೆ ಮೂರು ಅಕ್ಷರ. ಜಾವಾಸ್ಕ್ರಿಪ್ಟ್‌ಗೆ ಉದ್ದ ಕೇಳಿದರೆ ಆರು ಅನ್ನುತ್ತದೆ, ಯಾಕೆಂದರೆ ಒತ್ತು ಕೊಡುವ ಗುರುತನ್ನೂ ಉಕಾರವನ್ನೂ ಬೇರೆ ಬೇರೆ ಎಣಿಸುತ್ತದೆ. ಸ್ಪ್ಲಿಟ್ ಮಾಡಿದಿರೋ, ಕಥೆ ಮುಗಿಯಿತು. ಬ್ರೌಸರ್‌ನಲ್ಲೇ ಇರುವ, ಪದ ಬಿಡಿಸುವ ಸೆಗ್ಮೆಂಟರ್ ಬಳಸಿದರೆ ಮ, ಕ್, ಕ, ಳು ಅಂತ ನಾಲ್ಕು ತುಂಡು ಕೊಡುತ್ತದೆ. ಇನ್ನೊಂದೇ ಹೆಜ್ಜೆ ಬಾಕಿ: ಯಾವ ತುಂಡು ಅರ್ಧಾಕ್ಷರದ ಗುರುತಿನಲ್ಲಿ ಮುಗಿಯುತ್ತದೋ ಅದನ್ನು ಮುಂದಿನ ವ್ಯಂಜನಕ್ಕೆ ಅಂಟಿಸಿ. "ಪಾರ್ಕ್‌ನಲ್ಲಿ" ಥರದ ಪದದಲ್ಲಿ ನಡುವೆ ಕಾಣದ ನಾನ್-ಜಾಯಿನರ್ (ಅಕ್ಷರ ಕೂಡದಂತೆ ತಡೆಯುವ ಗುರುತು) ಇರುತ್ತದೆ, ತುಂಡು ಅದರಲ್ಲಿ ಮುಗಿಯುವುದರಿಂದ ಅಲ್ಲಿ ಅಂಟುವುದಿಲ್ಲ. ನಮಗೆ ಬೇಕಾದ್ದೂ ಅದೇ.

ಇನ್ನು ಚಿತ್ರದಲ್ಲಿ ಒಡೆಯುವುದು. ಪಿ5ನ 1ನೇ ಸರಣಿಯಲ್ಲಿ ಲೋಡ್‌ಫಾಂಟ್ ಬಳಸಿದರೆ ಕನ್ನಡ ಜೋಡಣೆ ಕೆಡುತ್ತದೆ. ಫಾಂಟನ್ನು ಪುಟದ ಅಂದ ಹೇಳುವ ಸಿಎಸ್‌ಎಸ್‌ನಲ್ಲಿ ಕೊಟ್ಟು, ಟೆಕ್ಸ್ಟ್‌ಫಾಂಟ್‌ಗೆ ಹೆಸರು ಮಾತ್ರ ಹೇಳಿ. ಆಗ ಜೋಡಿಸುವ ಕೆಲಸ ಬ್ರೌಸರ್ ಮಾಡುತ್ತದೆ, ಅದಕ್ಕೆ ಕನ್ನಡ ಚೆನ್ನಾಗಿ ಗೊತ್ತು. ಅಕ್ಷರದಿಂದ ಚುಕ್ಕಿ ಬೇಕಿದ್ದರೆ ಮರೆಯ ಕ್ಯಾನ್ವಾಸ್ ಮೇಲೆ ಪದ ಬರೆದು ಪಿಕ್ಸೆಲ್ ಓದಿಕೊಳ್ಳಿ.

ಫಾಂಟ್‌ಗೆ ದೂರ ಹೋಗಬೇಡಿ. ನಮ್ಮ ಮುಂಬೈನ ಏಕ್ ಟೈಪ್‌ನವರ "ಬಾಲೂ ತಮ್ಮ", "ಅನೇಕ್ ಕನ್ನಡ" ಎರಡೂ ಮುಕ್ತ ಲೈಸೆನ್ಸ್‌ನಲ್ಲಿವೆ. ಅನೇಕ್‌ನಲ್ಲಿ ದಪ್ಪವನ್ನೂ ಅಗಲವನ್ನೂ ಬೇಕಾದ ಹಾಗೆ ಎಳೆಯಬಹುದು. ಅಕ್ಷರ ಉಸಿರಾಡಿಸುವ ಆಟ ಆಡಿ ನೋಡಿ.

ಮಡಗಾಂವ್ ಮಳೆಗಾಲ:
ಯಾರಾದರೂ "ಮನೆಯಲ್ಲೇ ರಾಸ್‌ಬೆರಿ ಪೈ (ಅಂಗೈಯಷ್ಟು ಕಂಪ್ಯೂಟರ್) ಇಟ್ಟು ಸರ್ವರ್ ನಡೆಸಿ" ಅನ್ನುವ ಮೊದಲೇ ಹೇಳಿಬಿಡುತ್ತೇನೆ: ಬೇಡ. ಜುಲೈಯಲ್ಲಿ ಗೋವಾಕ್ಕೆ ಬನ್ನಿ, ಕರೆಂಟ್ ಎಷ್ಟು ಸಲ ಹೋಗುತ್ತದೆ ನೋಡಿ. ಅದೂ ಅಲ್ಲದೆ ಮನೆ ಬ್ರಾಡ್‌ಬ್ಯಾಂಡ್‌ನಲ್ಲಿ ಎಷ್ಟೋ ಸಲ ಸ್ವಂತ ಐಪಿ (ಇಂಟರ್ನೆಟ್ ವಿಳಾಸ) ಸಿಗಲ್ಲ, ಹತ್ತಾರು ಮನೆಗೆ ಒಂದೇ. ಹೊರಗಿನವರು ಒಳಗೆ ಬರೋದೇ ಕಷ್ಟ. ಪೈ ಪ್ರದರ್ಶನಕ್ಕೆ ಚಂದ. ಪ್ರೊಜೆಕ್ಟರ್‌ಗೆ ಸಿಕ್ಕಿಸಿ, ಇಂಟರ್ನೆಟ್ಟೇ ಬೇಡ. ಚವತಿಗೆ ನಮ್ಮ ಬಿಲ್ಡಿಂಗ್‌ನಲ್ಲಿ ಗಣಪತಿ ಮೇಲೆ ಕಟ್ಟುವ ಮಾಟೋಳಿಯ ಹಣ್ಣು-ಕಾಯಿ ತೂಗಾಡುವ ಸ್ಕೆಚ್ ಹಾಗೇ ಓಡಿಸಿದ್ದೆ. ಮಕ್ಕಳು ಬಿಟ್ಟು ಹೋಗಲೇ ಇಲ್ಲ.

ಅಂಧೇರಿ ಡಿಸೈನರ್:
ಎಲ್ಲ ಸರಿ. ಆದರೆ ಇನ್‌ಸ್ಟಾ ಬಿಟ್ಟರೆ ಯಾರು ನೋಡ್ತಾರೆ? ನನಗೆ ಕೆಲಸ ಸಿಗೋದೇ ಅಲ್ಲಿಂದ.

ಡೊಂಬಿವಲಿ ಫಾಸ್ಟ್:
ಬಿಡಿ ಅಂತ ಯಾರು ಹೇಳಿದರು ಸಾರ್? ಮೊದಲು ಸ್ವಂತ ತಾಣದಲ್ಲಿ ಹಾಕಿ, ಆಮೇಲೆ ವಿಳಾಸದ ಜೊತೆ ಎಲ್ಲಿ ಬೇಕಾದರೂ ಹಂಚಿ. ಸ್ವಂತ ತಾಣ ಇಟ್ಟುಕೊಳ್ಳಿ ಅನ್ನುವ ಇಂಡಿವೆಬ್‌ನವರು ವರ್ಷಗಳಿಂದ ಹೇಳುತ್ತಿರುವುದು ಅದೇ.

ಚೆಂಬೂರು ಸೆಕ್ರೆಟರಿ:
ತಾಂತ್ರಿಕ ಮಾತು ಮೇಲಿನವರು ಹೇಳಿದರು. "ನಮ್ಮೆಲ್ಲರದ್ದು" ಅನ್ನುವ ಮಾತಿಗೆ ನಾನು ಬರುತ್ತೇನೆ. ಇಲ್ಲಿನ ಕನ್ನಡಿಗರ ಒಂದು ಬಳಗಕ್ಕೆ ಚೆನ್ನಾದ ತಾಣ ಇತ್ತು. ಮಾಡಿಕೊಟ್ಟ ಹುಡುಗ ಕೆಲಸ ಸಿಕ್ಕಿ ಹೊರದೇಶಕ್ಕೆ ಹೋದ. ಡೊಮೇನ್ ಅವನ ಹೆಸರಿನಲ್ಲಿ, ಪಾಸ್‌ವರ್ಡ್ ಅವನ ಮೇಲ್‌ನಲ್ಲಿ. ನವೀಕರಣದ ನೋಟಿಸ್ ಯಾರ ಕಣ್ಣಿಗೂ ಬೀಳಲಿಲ್ಲ. ಈಗ ಆ ವಿಳಾಸದಲ್ಲಿ ಯಾವುದೋ ಜೂಜಿನ ಜಾಹೀರಾತು ಬರುತ್ತದೆ. ಹುಡುಗನನ್ನು ಬೈದು ಏನು ಪ್ರಯೋಜನ? ಬೇರೆ ಯಾರೂ ಕೇಳಲೇ ಇಲ್ಲ.

ಆದ್ದರಿಂದ ಹೌಸಿಂಗ್ ಸೊಸೈಟಿ ನಡೆಸುವ ಹಾಗೆ ನಡೆಸಿ. ಬೀಗದ ಕೈ ಇಬ್ಬರ ಹತ್ತಿರವಾದರೂ ಇರಲಿ. ವರ್ಷಕ್ಕೊಮ್ಮೆ ಕೂತು ಲೆಕ್ಕ ಓದಿ, ಜವಾಬ್ದಾರಿ ಬದಲಿಸಿ. ಖರ್ಚು ಅಂದರೆ ಮುಖ್ಯವಾಗಿ ಡೊಮೇನ್, ಮೊದಲ ವರ್ಷದ ಅಗ್ಗದ ದರ ನೋಡಿ ಮರುಳಾಗಬೇಡಿ, ನವೀಕರಣದ ದರ ನೋಡಿ. ಕೋಡ್ ಯಾವ ಲೈಸೆನ್ಸ್, ಚಿತ್ರ ಯಾವ ಲೈಸೆನ್ಸ್ ಅಂತ ಮೊದಲ ದಿನವೇ ಬರೆದಿಡಿ. ಯಾರಾದರೂ ಬಿಟ್ಟು ಹೋದರೆ ಅವರ ಚಿತ್ರ ಉಳಿಯುತ್ತದೋ, ತೆಗೆಯುತ್ತೀರೋ? ಇದನ್ನು ಸ್ನೇಹ ಚೆನ್ನಾಗಿರುವಾಗಲೇ ಮಾತಾಡಿ.

ಕೊತ್ರೂಡ್ ಧಾರವಾಡದವಳು:
ಎಲ್ಲರಿಗೂ ಥ್ಯಾಂಕ್ಸ್! ಅಕ್ಕ, ಹೊಲಿಗೆಯನ್ನೇ ಕೋಡ್ ಮಾಡುತ್ತೇನೆ. ಇನ್ನೊಂದು ಪ್ರಶ್ನೆ: ಗೆಳೆಯರಲ್ಲಿ ಒಬ್ಬರು ಮ್ಯಾಸ್ಟಡಾನ್ (ಟ್ವಿಟರ್ ಥರದ, ಯಾರು ಬೇಕಾದರೂ ಸರ್ವರ್ ನಡೆಸಬಹುದಾದ ಜಾಲ) ಸರ್ವರ್ ಹಾಕೋಣ ಅಂತಿದ್ದಾರೆ. ಈಗಲೇ ಬೇಕಾ?

ಡೊಂಬಿವಲಿ ಫಾಸ್ಟ್:
ಈಗ ಬೇಡ. 2019ರ ನವೆಂಬರ್‌ನಲ್ಲಿ ನಮ್ಮವರು ಬಹಳ ಜನ ಟ್ವಿಟರ್ ಮೇಲೆ ಸಿಟ್ಟಾಗಿ ಮ್ಯಾಸ್ಟಡಾನ್‌ಗೆ ಬಂದಿದ್ದರು, ನೆನಪಿರಬೇಕು. ಸರ್ವರ್ ಹಾಕುವುದು ಕಷ್ಟವಲ್ಲ. ಬೈಗುಳ ಅಳಿಸುವುದು, ಬ್ಯಾಕಪ್ ತೆಗೆಯುವುದು ದಿನದಿನದ ಕೆಲಸ, ಅದಕ್ಕೆ ಜನ ಬೇಕು. ಬೇಕಿದ್ದರೆ ಈಗಿರುವ ಯಾವುದಾದರೂ ಸರ್ವರ್‌ನಲ್ಲಿ ಖಾತೆ ತೆರೆಯಿರಿ. ಆಮೇಲೆ ಬದಲಿಸಿದರೂ ಹಿಂಬಾಲಕರು ಜೊತೆಗೆ ಬರುತ್ತಾರೆ, ಹಳೆಯ ಪೋಸ್ಟ್‌ಗಳು ಬರಲ್ಲ. ಸದ್ಯಕ್ಕೆ ಒಬ್ಬೊಬ್ಬರೂ ತಮ್ಮ ಪುಟ ಮಾಡಿ, ಕೆಳಗೆ "ಹಿಂದಿನವರು, ಮುಂದಿನವರು" ಅಂತ ಎರಡು ಕೊಂಡಿ ಹಾಕಿ, ತೊಂಬತ್ತರ ದಶಕದ ವೆಬ್‌ರಿಂಗ್ ಥರ. ಎಲ್ಲರ ಪುಟಕ್ಕೂ ಆರ್‌ಎಸ್‌ಎಸ್ ಫೀಡ್ (ಹೊಸದು ಬಂದರೆ ಓದುಗರಿಗೆ ತಿಳಿಸುವ ಫೈಲು) ಇರಲಿ. ರಿಂಗ್ ಶುರುವಾದರೆ ವಿಳಾಸ ಇಲ್ಲೇ ಹಾಕಿ, ನನ್ನ ಪುಟವನ್ನೂ ಸೇರಿಸಿಕೊಳ್ಳಿ.

ಔಂಧ್ ಹುಬ್ಬಳ್ಳಿ ಅಕ್ಕ:
ನಂದೂ. ಮತ್ತೆ ಮುರ್ಗಿ ಹೊಲಿಗೆಯ ಮೆಟ್ಟಿಲು ಸಾಲಿನ ಕೋಡ್ ಅರ್ಧ ಆಗಿದೆ, ಬೇಕಾದರೆ ಕಳಿಸುತ್ತೇನೆ.